ಕಡತಕ್ಕೆ ಹೋದ ಮಾತು

ಮನೆ, ಊಟದ ಮೇಜು
ಬುಧವಾರ, ಮಾರ್ಚ್ ೧೨, ಸಂಜೆ ಆರು ಗಂಟೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯೆ? ಸೊಂಟನೋವು ಕಡಿಮೆಯಾಯಿತೇ? ಊರಿನ ಬಸುರಿಯರನ್ನೆಲ್ಲ ವಿಶ್ರಾಂತಿ ತಗೊಳ್ಳಿ ಎಂದು ಗದರಿಸುವ ನಿನಗೆ ಸ್ವಂತ ಸೊಂಟಕ್ಕೆ ಎಣ್ಣೆ ಸವರಿಕೊಳ್ಳಲು ಪುರುಸೊತ್ತಿಲ್ಲ. ಫೋನು ಮಾಡಿದರೆ ಎರಡನೆಯ ಮಾತಿಗೇ “ಹೆರಿಗೆ ಬಂತು ಕಣೇ, ಇಡ್ತೀನಿ” ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ನಾನು ಚೆನ್ನಾಗಿದ್ದೇನೆ. ಅಮ್ಮನ ಕಣ್ಣು ಮೊದಲಿನಂತಿಲ್ಲ. ಬಾಗಿಲು ಸದ್ದಾದಾಗಲೆಲ್ಲ “ದೊಡ್ಡವಳು ಬಂದ್ಲಾ?” ಎನ್ನುತ್ತಾಳೆ. ಹಾಲಿನವನು ಬಂದರೂ ನೀನೇ, ಗ್ಯಾಸಿನವನು ಬಂದರೂ ನೀನೇ. ನೀನು ಈ ಮನೆಯ ಹೊಸ್ತಿಲು ತುಳಿದು ಮೂರು ವರ್ಷವಾಯಿತು. ಕಾರಣ ನಮಗೂ ಗೊತ್ತು. ಆ ಬೆಟ್ಟದೂರಿನ ಆಸ್ಪತ್ರೆಯಲ್ಲಿ ಹೆರಿಗೆ ನೋಡುವ ನರ್ಸು ನೀನೊಬ್ಬಳೇ. ನೀನು ಎರಡು ದಿನ ರಜೆ ಹಾಕಿದರೆ ಹೆರಿಗೆ ಕೋಣೆಗೆ ಬೀಗ. ಕೂಸುಗಳು ನಿನ್ನ ರಜೆ ನೋಡಿಕೊಂಡು ಹುಟ್ಟುವುದಿಲ್ಲವಲ್ಲ.

ಇವತ್ತು ನಮ್ಮ ಪ್ರಾಂತ ಸಭೆಯಲ್ಲಿ ಒಂದು ಸಂಗತಿ ನಡೆಯಿತು. ನನಗೆ ಇನ್ನೂ ಮೈ ಜುಮ್ಮೆನ್ನುತ್ತಿದೆ. ನನ್ನ ಕೆಲಸ ನಿನಗೆ ಗೊತ್ತೇ ಇದೆ, ಆದರೂ ನಿನ್ನ ಕಣ್ಣಲ್ಲಿ ಅದು ಕೆಲಸವೇ ಅಲ್ಲ. “ನಿಮ್ಮ ಸಭೇಲಿ ಮಾತಾಡಿದ್ರೆ ಇಲ್ಲಿ ಮಗು ಹುಟ್ಟುತ್ತಾ?” ಎಂದು ಎಷ್ಟು ಸಲ ಹಂಗಿಸಿದ್ದೀಯ! ನಾವು ಆರು ಮಂದಿ ಸಭೆಯ ನಡುವಿನ ಮೇಜಿನಲ್ಲಿ ಸರದಿಯ ಮೇಲೆ ಕೂತು ಪ್ರತಿಯೊಂದು ಮಾತನ್ನೂ ಶೀಘ್ರಲಿಪಿಯಲ್ಲಿ ಬರೆಯುತ್ತೇವೆ. ಒಬ್ಬೊಬ್ಬರಿಗೆ ಹತ್ತು ನಿಮಿಷ. ಮಂತ್ರಿಗಳ ವಾಕ್ಯ ಅರ್ಧದಲ್ಲಿದ್ದರೂ ಸರಿ, ಸಮಯವಾದರೆ ಎದ್ದು ಹೋಗಬೇಕು. ಮುಂದಿನವರು ಒಂದು ನಿಮಿಷ ಮೊದಲೇ ಬಂದು ಪಕ್ಕದಲ್ಲಿ ಕೂತು ಬರೆಯಲು ಶುರುಮಾಡಬೇಕೆಂಬುದು ನಿಯಮ. ಆ ಒಂದು ನಿಮಿಷ ಇಬ್ಬರ ಪುಸ್ತಕದಲ್ಲೂ ಇರುತ್ತದೆ, ಹಿಂದಿನವರದನ್ನು ಇಟ್ಟುಕೊಂಡು ಮುಂದಿನವರದನ್ನು ಹೊಡೆದುಹಾಕುತ್ತಾರೆ. ಹೇಗೂ ಹೊಡೆದುಹಾಕುವುದೇ ಎಂದು ನಾವೆಲ್ಲ ಆ ನಿಮಿಷ ಪೆನ್ನಿನ ಮುಚ್ಚಳ ತೆಗೆಯುತ್ತ, ಸೆರಗು ಸರಿಮಾಡಿಕೊಳ್ಳುತ್ತ ಕಳೆಯುತ್ತೇವೆ. ಒಬ್ಬರನ್ನು ಬಿಟ್ಟು. ನಿವೃತ್ತಿಗೆ ಎರಡು ವರ್ಷವಿರುವ ನಮ್ಮ ಹಿರಿಯರೊಬ್ಬರಿದ್ದಾರೆ. ಗಡಿಯಾರ ಎಂದೇ ಅವರಿಗೆ ಹೆಸರು. ಅವರು ಮಾತ್ರ ಆ ನಿಮಿಷವನ್ನು ಅಕ್ಷರ ಬಿಡದೆ ಬರೆಯುತ್ತಾರೆ. “ಕಸದ ಬುಟ್ಟಿಗೆ ಇಷ್ಟು ಚೆಂದ ಬರೆಯೋರು ನೀವೊಬ್ರೇ” ಎಂದು ಇಪ್ಪತ್ತು ವರ್ಷದಿಂದ ಅವರನ್ನು ಗೇಲಿ ಮಾಡಿದ್ದೇನೆ.

ಬೆಳಿಗ್ಗೆ ಪ್ರಶ್ನೆಗಳ ಹೊತ್ತು. ನನ್ನ ಸರದಿಯಲ್ಲಿ ನಿಮ್ಮೂರಿನ ಸದಸ್ಯರು ಎದ್ದರು. ಮೊದಲು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು, ಎಲ್ಲರೂ ಟಿಕೆಟ್ಟಣ್ಣ ಎನ್ನುತ್ತಾರೆ. ಗೆದ್ದು ಬಂದು ಒಂದು ವರ್ಷವಾದರೂ ಬಾಯಿ ಬಿಟ್ಟದ್ದು ಅಪರೂಪ. ನಿಮ್ಮ ಆಸ್ಪತ್ರೆಯಲ್ಲಿ ಹೆರಿಗೆ ನರ್ಸುಗಳು ಎಷ್ಟು, ಅವರ ಸಂಬಳಕ್ಕೆ ಖರ್ಚು ಎಷ್ಟು ಎಂದು ಲಿಖಿತವಾಗಿ ಕೇಳಿದ್ದರು. ಆರೋಗ್ಯ ಮಂತ್ರಿಗಳು ಮುದ್ರಿತ ಉತ್ತರ ಓದಿದರು: ಹುದ್ದೆ ಮೂರು, ಮೂರೂ ಭರ್ತಿಯಾಗಿವೆ, ಮೂವರ ಸಂಬಳವೂ ತಪ್ಪದೆ ಹೋಗುತ್ತಿದೆ. ಕಿವಿಗೆ ಬಿದ್ದದ್ದನ್ನು ಕೈಗೆ ದಾಟಿಸುವುದಷ್ಟೇ ನನ್ನ ಅಭ್ಯಾಸ. ನಡುವೆ ತಲೆ ಬಂದರೆ ಕೈ ತಡೆಯುತ್ತದೆ. ಹಾಗಾಗಿ ಮೂವರು ಎಂದೇ ಬರೆದೆ, ನನ್ನ ಅಕ್ಕ ಒಬ್ಬಳೇ ಎಂದು ಹೊಳೆಯಲೂ ಇಲ್ಲ. ಆಗ ಟಿಕೆಟ್ಟಣ್ಣ ಉಪಪ್ರಶ್ನೆಗೆ ಎದ್ದರು. ಬಸ್ಸಿನಲ್ಲಿ ಯಾರು ಟಿಕೆಟ್ ತೆಗೆದಿಲ್ಲ ಎಂದು ವಿಚಾರಿಸುವಷ್ಟೇ ಮೆತ್ತಗೆ ಕೇಳಿದರು: “ಹೋದ ವಾರ ನಾನೇ ಹೋಗಿದ್ದೆ. ಒಬ್ಬರು ಸಿಕ್ಕಿದ್ರು, ಮೂರು ವರ್ಷದಿಂದ ಮನೆಗೆ ಹೋಗಿಲ್ಲವಂತೆ. ಉಳಿದಿಬ್ಬರು ಎಲ್ಲಿದ್ದಾರೆ ಮಂತ್ರಿಗಳೇ?”

ಅಷ್ಟೇ, ಅಕ್ಕಾ. ಕೂಗಾಟವಿಲ್ಲ, ಮೇಜು ಗುದ್ದಿದ್ದಿಲ್ಲ. ಹಿಂದಿನ ಸಾಲಿನಲ್ಲಿದ್ದ ಅಧಿಕಾರಿಗಳ ಕೈಯಿಂದ ಚೀಟಿಯ ಮೇಲೆ ಚೀಟಿ ಮಂತ್ರಿಗಳ ಕಡೆಗೆ ಹೊರಟಿತು. ಆಸ್ಪತ್ರೆ, ಶಾಲೆ, ರಸ್ತೆ ಎಲ್ಲವನ್ನೂ ದೂರದ ರಾಜಧಾನಿಯೇ ನೋಡಿಕೊಳ್ಳುತ್ತಿದ್ದ ಕಾಲ ನಿನಗೆ ನೆನಪಿರಬೇಕು. ಅಪ್ಪ ಒಂದು ಅರ್ಜಿ ಹಾಕಿದರೆ ಹನ್ನೊಂದು ತಿಂಗಳ ಮೇಲೆ “ಪರಿಶೀಲನೆಯಲ್ಲಿದೆ” ಎಂಬ ಒಂದು ಸಾಲು ಬರುತ್ತಿತ್ತು, ಅದನ್ನು ಬರೆದವರ ಮುಖ ಯಾರೂ ಕಂಡಿರಲಿಲ್ಲ. ಆ ಅಧಿಕಾರವೆಲ್ಲ ನಮ್ಮ ಪ್ರಾಂತಕ್ಕೇ ಬಂದು ಇಪ್ಪತ್ತೈದು ವರ್ಷವಾದರೂ, ಅದರ ಅರ್ಥ ಏನೆಂದು ನನಗೆ ತಿಳಿದದ್ದು ಇವತ್ತು. ಉತ್ತರ ಕೊಡಬೇಕಾದವರು ಹನ್ನೆರಡು ಹೆಜ್ಜೆ ದೂರದಲ್ಲಿ ನಿಂತಿದ್ದರು, ಅವರ ಹಣೆಯ ಬೆವರು ನನಗೆ ಕಾಣುತ್ತಿತ್ತು. ಮಂತ್ರಿಗಳು ಚೀಟಿ ಓದಿದರು: ಆ ಇಬ್ಬರನ್ನು ಮೂರು ವರ್ಷದಿಂದ ಇಲಾಖೆಯ ಕಚೇರಿಗೆ ಹಾಕಿಕೊಂಡಿದ್ದಾರೆ, ಪತ್ರಗಳಿಗೆ ನಂಬರು ಹಾಕುವುದಕ್ಕೆ! ಹೆರಿಗೆ ಮಾಡಿಸುವ ಕೈಗಳು, ಅಕ್ಕಾ. ಸಂಬಳ ಮಾತ್ರ ನಿಮ್ಮ ಆಸ್ಪತ್ರೆಯ ಹೆಸರಿನಲ್ಲಿ. ನಿನಗೂ ಇದು ಗೊತ್ತಿರಲಿಲ್ಲವೇನೋ.

ನನ್ನ ಹತ್ತು ನಿಮಿಷ ಮುಗಿಯುತ್ತ ಬಂದಿತ್ತು, ಅಷ್ಟರಲ್ಲಿ ಇನ್ನೊಂದು ಚೀಟಿ ಬಂತು. ಮಂತ್ರಿಗಳು ಅದನ್ನು ಓದದೆ ಮಡಿಚಿ ಜೇಬಿಗೆ ಹಾಕಿಕೊಂಡು ಮತ್ತೆ ಎದ್ದರು. ಗಡಿಬಿಡಿಯಲ್ಲಿ ಮೈಕಿನ ಗುಂಡಿ ಒತ್ತಲಿಲ್ಲ. ನೇರವಾಗಿ ಟಿಕೆಟ್ಟಣ್ಣನನ್ನೇ ನೋಡಿ ಹೇಳಿದರು: “ಬರುವ ಸೋಮವಾರ ಬೆಳಿಗ್ಗೆ ಆ ಇಬ್ಬರೂ ಅಲ್ಲಿರುತ್ತಾರೆ. ಇದು ಸಭೆಗೆ ನಾನು ಕೊಡುವ ಮಾತು.” ಅವರ ಮೇಲೂ ನನಗೆ ಗೌರವ ಬಂತು, ಸುಳ್ಳೇಕೆ ಹೇಳಲಿ. ಆದರೆ ಆ ಹೊತ್ತಿಗೆ ನನ್ನ ಕೈ ನಿಂತುಹೋಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಕಿವಿ ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡಿತು, ಕಣ್ಣ ಮುಂದೆ ನೀನೇ ಇದ್ದೆ. ಕೈ ಮತ್ತೆ ಓಡುವಷ್ಟರಲ್ಲಿ ಸಭಾಧ್ಯಕ್ಷರು ಮುಂದಿನ ಪ್ರಶ್ನೆ ಕರೆದಿದ್ದರು. ನನ್ನ ಪುಸ್ತಕದಲ್ಲಿ ಎರಡು ಸಾಲಿನಷ್ಟು ಖಾಲಿ ಜಾಗ.

ಕೋಣೆಗೆ ಬಂದು ಧ್ವನಿಮುದ್ರಣ ಹಾಕಿ ಕೇಳಿದೆ. ಯಾರದೋ ಕೆಮ್ಮು, ಕುರ್ಚಿ ಎಳೆದ ಸದ್ದು, ಅಷ್ಟೇ. ಮಂತ್ರಿಗಳು ಸಭೆಯಲ್ಲಿ ಮಾತು ಕೊಟ್ಟರೆ ಅದನ್ನು ಹೆಕ್ಕಿ ಭರವಸೆಗಳ ಸಮಿತಿಗೆ ಕಳಿಸುತ್ತಾರೆ. ಮಾತು ನಡೆಯುವ ತನಕ ಸಮಿತಿ ಬಿಡುವುದಿಲ್ಲ, ಮಂತ್ರಿ ಬದಲಾದರೂ ಹೊಸಬರನ್ನು ಹಿಡಿದು ಕೇಳುತ್ತದೆ. ಆದರೆ ಕಡತದಲ್ಲಿ ಇದ್ದರೆ ಮಾತ್ರ. ಕಡತದಲ್ಲಿಲ್ಲದ ಮಾತು ಆಡದ ಮಾತು. ಆ ಎರಡು ಸಾಲು ನನಗೆ ಬಾಯಿಪಾಠ, ಬರೆದುಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪೆನ್ನು ಎತ್ತಿದೆ, ಇಳಿಸಿದೆ. ಬೇರೆ ಯಾರದೋ ಅಕ್ಕನ ವಿಷಯವಾಗಿದ್ದರೆ ಬರೆಯುತ್ತಿದ್ದೆನೋ ಏನೋ. ನಿನ್ನ ವಿಷಯವಾದ್ದರಿಂದಲೇ ಆಗಲಿಲ್ಲ. ನಾಳೆ ಯಾರಾದರೂ “ತಂಗಿ ಬರ್ಕೊಂಡಿದ್ದು” ಎಂದರೆ ಆ ಮಾತಿಗೂ ಬೆಲೆ ಹೋಯಿತು, ನನ್ನ ಇಪ್ಪತ್ತೆರಡು ವರ್ಷಕ್ಕೂ ಹೋಯಿತು.

ನಮ್ಮ ಮುಖ್ಯಸ್ಥರ ಬಳಿ ಹೋಗಿ ಎಲ್ಲವನ್ನೂ ಹೇಳಿದೆ, ನೀನು ನನ್ನ ಅಕ್ಕ ಎಂಬುದನ್ನೂ. ಅಲ್ಪವಿರಾಮ ಎಂದು ಅವರ ಅಡ್ಡಹೆಸರು, ಕಂಡಕಂಡಲ್ಲಿ ಅದನ್ನು ಹಾಕುತ್ತಾರೆ. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ. ಅವರು ಕೇಳಿದ್ದು ಒಂದೇ: “ನಿಮ್ಮ ನಂತರ ಯಾರ ಸರದಿ?” ಗಡಿಯಾರ! ಬಿದ್ದಂಬೀಳ ಓಡಿದೆ. ಅವರು ಚಹಾದ ಲೋಟ ಪಕ್ಕಕ್ಕಿಟ್ಟು, ಕನ್ನಡಕ ಒರೆಸಿಕೊಂಡು, ಹೊಡೆದುಹಾಕಬೇಕಿದ್ದ ತಮ್ಮ ಒಂದು ನಿಮಿಷವನ್ನು ಓದಿದರು. ಅದರಲ್ಲಿ ಸೋಮವಾರ ಇತ್ತು, ಬೆಳಿಗ್ಗೆ ಇತ್ತು, ಇಬ್ಬರೂ ಇದ್ದರು, “ಸಭೆಗೆ ನಾನು ಕೊಡುವ ಮಾತು” ಇತ್ತು. ಅಲ್ಪವಿರಾಮದವರು ಎರಡೂ ಸಾಲುಗಳ ಕೆಳಗೆ ಹಸಿರು ಪೆನ್ಸಿಲಿನಿಂದ ಗೆರೆ ಎಳೆದರು, ಎಂದರೆ ಅದು ಸಮಿತಿಗೆ ಹೋಯಿತು. ಒಂದೇ ಒಂದು ಅಲ್ಪವಿರಾಮವನ್ನೂ ಸೇರಿಸಲಿಲ್ಲ. ಇಪ್ಪತ್ತು ವರ್ಷದ ಗೇಲಿಗೆ ಗಡಿಯಾರದವರ ಕ್ಷಮೆ ಕೇಳಿದರೆ ಅವರು, “ಚಹಾ ಆರಿಹೋಯ್ತು, ಇನ್ನೊಂದು ಕೊಡಿಸಿ” ಎಂದರು. ಕೊಡಿಸಿದೆ, ಜೊತೆಗೆ ಎರಡು ಬಿಸ್ಕತ್ತು ಕೂಡ.

ಒಬ್ಬ ಕಂಡಕ್ಟರು ಕೇಳಿದ ಒಂದು ಪ್ರಶ್ನೆಗೆ ಸರ್ಕಾರ ಎದ್ದು ನಿಲ್ಲುತ್ತದೆ. ಇಷ್ಟು ವರ್ಷ ಅದರ ನಡುಮಧ್ಯೆ ಕೂತು ಬರೆದವಳಿಗೆ ಇದು ಕಂಡಿರಲಿಲ್ಲ ನೋಡು. ಮನೆಗೆ ಬರುವಾಗ ಸಭಾಭವನದ ಮೆಟ್ಟಿಲ ಮೇಲೆ ತಿರುಗಿ ಒಂದು ಸಲ ನೋಡಿದೆ. ಅದೇ ಹಳೆಯ ಕಂಬ, ಅದೇ ಪಾರಿವಾಳ. ಆದರೂ ಕಣ್ಣು ತುಂಬಿ ಬಂತು.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ. ಇವತ್ತಿನವರೆಗೆ ನಿನ್ನ ಕೈಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಈ ಚಿಕ್ಕಮ್ಮನ ಮುದ್ದು.

ನಿನ್ನ ಬಾಯಿಬಡುಕಿ,
ತಂಗಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬರಲಿಲ್ಲ. ಅಮ್ಮನಿಗೆ ಉಳಿದಿರುವ ದೃಷ್ಟಿ ಹೆಚ್ಚೆಂದರೆ ಇನ್ನು ಮೂರು ವಾರ ಎಂದು ಕಣ್ಣಿನ ಡಾಕ್ಟರು ಹೋದ ಶುಕ್ರವಾರ ಹೇಳಿದರು. ಆಪರೇಷನ್ ಮಾಡಿದರೂ ಉಳಿಯುವಂಥದ್ದಲ್ಲವಂತೆ. ಅಮ್ಮನಿಗೆ ಗೊತ್ತು. ನಿನಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡಳು: “ಅಲ್ಲಿ ಹೆರೋರನ್ನ ಬಿಟ್ಟು ಓಡಿ ಬರ್ತಾಳೆ, ಬೇಡ” ಎಂದು. ಈಗ ನೋಡಿಕೊಳ್ಳುವವರು ಬರುತ್ತಿದ್ದಾರೆ, ಅದಕ್ಕೇ ಆಣೆ ಮುರಿದೆ. ಸೋಮವಾರ ಅವರಿಬ್ಬರೂ ಬಂದ ಕೂಡಲೇ ಕೋಣೆಯ ಬೀಗದ ಕೈ ಅವರಿಗೆ ಕೊಡು. ಮಧ್ಯಾಹ್ನದ ಬಸ್ಸು ಹತ್ತಬೇಡ, ಇಲ್ಲಿಗೆ ಮುಟ್ಟುವಷ್ಟರಲ್ಲಿ ಕತ್ತಲಾಗುತ್ತದೆ. ಮಂಗಳವಾರ ಬೆಳಗಿನ ಮೊದಲ ಬಸ್ಸಿಗೇ ಹೊರಡು. ಅಮ್ಮನಿಗೆ ಈಗ ಹಗಲಿನಲ್ಲಿ ಮಾತ್ರ ಮುಖ ಕಾಣುತ್ತದೆ.