ಮೊಣ್ಣಪ್ಪನ ಅರ್ಧ ಕಥೆ

ಗಾಳಿಬೀಡು, ಆಗಸ್ಟ್ ೫, ೧೯೩೪, ಭಾನುವಾರ.

ಮಂಗಳೂರಿನ ಕಾಲೇಜಿನಲ್ಲಿರುವ ಮೊಣ್ಣಪ್ಪನಿಗೆ ಕಾಗದ ಬರೆಯುವ ಮೊದಲು ಇಲ್ಲಿ ಗೀಚಿಕೊಳ್ಳುವುದು ನನ್ನ ರೂಢಿ. ಮಗಾ, ಹೇಗಿದ್ದೀ? ನಿನ್ನ ಕೋಣೆಯ ಗಣಪಯ್ಯನ ಜ್ವರ ಬಿಟ್ಟಿತೇ? ಅಡುಗೆಯ ಶೀನಪ್ಪನವರ ಮಂಡಿನೋವು ಹೇಗಿದೆ?

ಕಥೆ ಬರೆದೇ ಬದುಕುತ್ತೇನೆ ಎಂದು ಅವನು. ವಕೀಲನೇ ಆಗಬೇಕು ಎಂದು ಅವನಪ್ಪ, ನನ್ನ ತಮ್ಮ ಜತ್ತಪ್ಪ. ಕಾಲೇಜಿನ ಪತ್ರಿಕೆಗೆಂದು ಬರೆಯುತ್ತಿರುವ ಕಥೆಯ ಮೊದಲರ್ಧ ನಿನ್ನೆ ಟಪಾಲಿನಲ್ಲಿ ಬಂತು. "ಅತ್ತೆ, ಅಪ್ಪನಿಗೆ ನೀವೇ ಓದಿ ಹೇಳಿ" ಎಂದು ಅಂಚಿನಲ್ಲಿ ಬರೆದಿದ್ದ. ಮಕ್ಕಳ ಸ್ಲೇಟು ನೋಡಿ ಅಕ್ಷರ ಕಲಿತವಳು ನಾನು; ಹೆದರುತ್ತಲೇ ಇವತ್ತು ಮಧ್ಯಾಹ್ನ ಓದಿದೆ. ಜತ್ತಪ್ಪ ಗೋಡೆಯ ಕಡೆ ತಿರುಗಿ ಮಲಗಿದ್ದ. ಕಥೆಯ ಹುಡುಗಿ ಗಂಡನ ಮೇಲೆ ಮುನಿದು ತವರಿಗೆ ಬಂದು, ಮಳೆಗಾಲದ ಆಟಿ ತಿಂಗಳ ಹತ್ತನೇ ದಿನ ಮದ್ದುಸೊಪ್ಪಿನ ಪಾಯಸ ಮಾಡುತ್ತಾಳೆ. ಅಲ್ಲಿಗೆ ಬಂದಾಗ ದಡಕ್ಕನೆ ಎದ್ದು ಕೂತ.

"ಎಂಥ ಅಕ್ಕ ಇದು! ಆ ಸೊಪ್ಪಿಗೆ ಪರಿಮಳ ಬರುದು ಹದಿನೆಂಟಕ್ಕೆ ಅಲ್ವಾ? ಮೊನ್ನೆ ತಾನೇ ತಿಂದದ್ದು! ಹೀಗೇ ಅಚ್ಚಾದ್ರೆ ಊರೇ ನಗ್ತದೆ. ತಿದ್ಲಿಕ್ಕೆ ಬರಿ ಅವನಿಗೆ."

"ವಕೀಲ ಆಗುವವನಿಗೆ ಕಥೆ ತಿದ್ದುವ ಕೆಲಸ ಯಾಕೆ ಮಾರಾಯ?" ಎಂದೆ.

ಜತ್ತಪ್ಪ ಮತ್ತೆ ಗೋಡೆಯ ಕಡೆ ತಿರುಗಿದ. ಆ ಗೋಡೆಯನ್ನೇ ಕೇಳಿದ, "ಆ ಹುಡುಗಿ ವಾಪಸು ಹೋಗ್ತಾಳಾ?"

ಈಗಲೂ ನಗು ಬರುತ್ತಿದೆ. ಮಗಾ, ಹತ್ತನ್ನು ಹದಿನೆಂಟು ಮಾಡು. ಉಳಿದರ್ಧ ಬೇಗ ಬರೆದು ಕಳಿಸು. ನಿನ್ನಪ್ಪ ಒಳಗಿನಿಂದ ಮತ್ತೆ ಕೂಗುತ್ತಿದ್ದಾನೆ, ಆ ಹುಡುಗಿ ವಾಪಸು ಹೋಗ್ತಾಳಾ ಎಂದು.