ಶೈಲಾಳ ಕಡೆ ಬಾರದ ಚೆಂಡು

ಮುಲುಂಡ್ ಪಶ್ಚಿಮ, ಮುಂಬಯಿ
ಮಂಗಳವಾರ, ೧೧ ಫೆಬ್ರವರಿ ೨೦೨೫

ಮಗನೇ ಶಿವಪುತ್ರ, ನಿನ್ನ ಅವ್ವನ ಆಶೀರ್ವಾದ.

ಮೊದಲು ಮೊಣಕಾಲಿನ ವಿಷಯ ಹೇಳು. ಏಣಿ ಹತ್ತುವಾಗ ಹಿಡಿದುಕೊಳ್ಳುತ್ತದೆ ಅಂದಿದ್ದೆ, ಈಗ ಹೇಗಿದೆ? ಎಣ್ಣೆ ಬಿಸಿ ಮಾಡಿ ತಿಕ್ಕಿಕೋ ಎಂದರೆ ನೀನು ಕೇಳುವವನಲ್ಲ. ಕ್ಯಾಂಪಿನ ಅಡುಗೆಯವನು ಈಗಲೂ ದಿನಾ ಅದೇ ಅನ್ನ, ಅದೇ ನೀರುಸಾರು ಬಡಿಸುತ್ತಾನೋ ಅಥವಾ ಅವನಿಗೆ ಬುದ್ಧಿ ಬಂದಿದೆಯೋ? ನಮ್ಮ ಬಿಲ್ಡಿಂಗಿನ ಸಂತು ಗುರುವಾರದ ವಿಮಾನಕ್ಕೆ ಮಸ್ಕತ್ತಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಶೇಂಗಾ ಚಟ್ನಿ, ಕಟಕ ರೊಟ್ಟಿ ಮತ್ತು ಈ ಕಾಗದ ಕಳಿಸುತ್ತಿದ್ದೇನೆ. ರೊಟ್ಟಿ ಮೊದಲು ತಿನ್ನು, ಕಾಗದ ಆಮೇಲೆ ಓದು. ಹಸಿದಾಗ ನಿನ್ನ ಸಿಟ್ಟು ನೆತ್ತಿಗೇರುತ್ತದೆ, ತೊಟ್ಟಿಲಿನಿಂದ ನೋಡಿದ್ದೇನೆ.

ಫೋನ್ ಇರುವಾಗ ಕಾಗದವೇಕೆ ಎಂದು ಕೇಳಬೇಡ. ಫೋನಿನಲ್ಲಿ ನೀನು ಮಾತಾಡುತ್ತೀ, ನಾನು ಹೂಂಗುಡುತ್ತೇನೆ, ನಾನು ಬಾಯಿ ತೆರೆಯುವ ಹೊತ್ತಿಗೆ ನಿನ್ನ ಸೈಟಿನಲ್ಲಿ ಯಾರೋ ಕೂಗುತ್ತಾರೆ, ಲೈನ್ ಕಟ್. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಓದಿದವಳು ನಾನು, ಅದು ಇಂಥ ಹೊತ್ತಿಗಲ್ಲದೆ ಇನ್ಯಾವಾಗ ಉಪಯೋಗಕ್ಕೆ ಬರಬೇಕು? ಇದರಲ್ಲಿ ಇರುವುದೆಲ್ಲ ನನ್ನ ಮಾತು. ನಿನ್ನ ಹೆಂಡತಿ ಶೀಲಾವತಿಯ ಮೇಲೆ ಹಾಯಬೇಡ. ಅವಳು ಬೆಳಗಿನ ಆರೂಕಾಲರ ಲೋಕಲ್ ಹಿಡಿದು ಫೋರ್ಟಿನ ಹೋಟೆಲಿಗೆ ತರಕಾರಿ ಹೆಚ್ಚಲು ಹೋಗುತ್ತಾಳೆ, ಸಂಜೆ ಸತ್ತು ಸುಣ್ಣವಾಗಿ ಬರುತ್ತಾಳೆ. ನಮ್ಮಿಬ್ಬರ ನಡುವೆ ತನ್ನನ್ನು ಎಳೆಯಬೇಡಿ ಎಂದಿದ್ದಾಳೆ. ಆದರೆ ನಿನ್ನ ಮಗಳು ಶೈಲಾಳ ಹರಿದ ಜರ್ಸಿಗೆ ಹೊಲಿಗೆ ಹಾಕಿದವರು ಯಾರು ಎಂದು ಕೇಳಿದರೆ ನಾನಂತೂ ಅಲ್ಲ, ನನಗೆ ಸೂಜಿಯ ಕಣ್ಣು ಕಾಣುವುದಿಲ್ಲ.

ಎರಡು ವಾರದ ಹಿಂದೆ ನೀನು ಏನು ಹುಕುಂ ಮಾಡಿದೆಯೋ ಅದನ್ನು ನೆನಪಿಸುತ್ತೇನೆ. ಆ ಹೆಲ್ಮೆಟ್ಟು, ಭುಜದ ಕವಚ ಎಲ್ಲ ಟ್ರಂಕಿಗೆ ಹಾಕಿ ಬೀಗ ಜಡಿ. ಹೈದರಾಬಾದಿನ ಶಿಬಿರದ ಕಾಗದಕ್ಕೆ ಸಹಿ ಮಾಡಬೇಡ. ಇಪ್ಪತ್ತು ತುಂಬಿದ ಹುಡುಗಿ ಅಂಗಿ ಹರಿದುಕೊಂಡು ಮಣ್ಣಲ್ಲಿ ಬೀಳುವುದನ್ನು ನೋಡಿ ಮಂದಿ ನಗುವುದು ಸಾಕು, ಎಂದಿದ್ದೀ. ಎಲ್ಲದಕ್ಕೂ ಕಾರಣ ಆ ಹದಿನೆಂಟು ಸೆಕೆಂಡಿನ ವಿಡಿಯೋ. ಅದರಲ್ಲಿ ಪುಣೆ ತಂಡದ ಎತ್ತರದ ಹುಡುಗಿ ಎರಡೂ ಕೈ ಎತ್ತುತ್ತಾಳೆ, ನಮ್ಮ ಶೈಲಾ ಚೆಂಡು ಬಂತೆಂದು ಹಿಂದೆ ತಿರುಗುತ್ತಾಳೆ, ಚೆಂಡು ಎಲ್ಲೂ ಇರುವುದಿಲ್ಲ. ಕಾಲಿಗೆ ಕಾಲು ತೊಡರಿ ಬೀಳುತ್ತಾಳೆ, ಆ ಹುಡುಗಿ ಮುಂದಕ್ಕೆ ಓಡಿ ಆಮೇಲೆ ಬಂದ ಚೆಂಡನ್ನು ಹಿಡಿದು ಗೆದ್ದುಬಿಡುತ್ತಾಳೆ. ಯಾರೋ ಪುಣ್ಯಾತ್ಮ ಅದಕ್ಕೆ ಕತ್ತೆ ಅರಚುವ ಸದ್ದು ಸೇರಿಸಿ ನಮ್ಮ ಊರಿನವರ ಗ್ರೂಪಿಗೆ ಹಾಕಿದ. ಅದು ಮುಲುಂಡಿನಿಂದ ಆಳಂದಕ್ಕೆ ಹೋಗಿ, ಆಳಂದದಿಂದ ಮಸ್ಕತ್ತಿನ ನಿನ್ನ ಕೋಣೆಗೆ ಬಂತು. ನಿನ್ನ ಜೊತೆಯವರು ನಕ್ಕರು. ನೀನು ಫೋನ್ ಮಾಡಿ ಮಗಳಿಗೆ ಒಂದೇ ಪ್ರಶ್ನೆಯನ್ನು ಎಷ್ಟು ಸಲ ಕೇಳಿದೆ ಎಂದು ನಿನಗೆ ನೆನಪಿದೆಯೋ ಇಲ್ಲವೋ, ಸ್ಪೀಕರಿನಲ್ಲಿ ನಾವೆಲ್ಲ ಕೇಳಿಸಿಕೊಂಡೆವು: "ಹೊಳ್ಳಿ ನೋಡಂತ ನಿನಗ ಯಾರ ಹೇಳಿದ್ರು?" ಅವಳು ಪ್ರತಿ ಸಲವೂ ಅದನ್ನೇ ಹೇಳಿದಳು: "ಮೇರೀ ಗಲ್ತಿ, ಅಪ್ಪಾ. ನಂದೇ ತಪ್ಪು."

ನೀನು ಆ ಆಟವನ್ನು ಹದಿನೆಂಟು ಸೆಕೆಂಡು ನೋಡಿದ್ದೀ. ನಾನು ಒಂದು ವರ್ಷ ನೋಡಿದ್ದೇನೆ. ಮೊದಲು ನನಗೂ ನಗುವೇ ಬಂದಿತ್ತು. ಪಪ್ಪಾಯಿಯಂಥ ಚೆಂಡು, ಅದಕ್ಕೆ ಇಪ್ಪತ್ತೆರಡು ಜನ ಗುದ್ದಾಡುವುದು, ಅದರ ಹೆಸರು ಅಮೆರಿಕನ್ ಫುಟ್‌ಬಾಲ್, ಕಾಲಿನಿಂದ ಒದೆಯುವುದು ಮಾತ್ರ ಹಬ್ಬಕ್ಕೊಮ್ಮೆ. ಆದರೆ ಶೈಲಾ ನಿಲ್ಲುವ ಜಾಗವಿದೆಯಲ್ಲ, ಕಾರ್ನರ್‌ಬ್ಯಾಕ್ ಎನ್ನುತ್ತಾರೆ, ಅದನ್ನು ನೋಡಿದ ಮೇಲೆ ನನ್ನ ನಗು ನಿಂತಿತು. ಉಳಿದವರೆಲ್ಲ ನಡುವೆ ಗುಂಪಾಗಿ ಗುದ್ದಾಡುವಾಗ ಇವಳು ಮೈದಾನದ ಅಂಚಿನಲ್ಲಿ ಒಬ್ಬಳೇ ನಿಲ್ಲುತ್ತಾಳೆ. ಎದುರಿಗೆ ಚೆಂಡು ಹಿಡಿಯಲು ಓಡಿಬರುವ ಹುಡುಗಿ. ಎಲ್ಲಿಗೆ ಓಡಬೇಕು, ಎಲ್ಲಿ ತಿರುಗಬೇಕು ಎಂಬುದು ಆ ಹುಡುಗಿಗೆ ಮೊದಲೇ ಗೊತ್ತು, ಇವಳಿಗೆ ಗೊತ್ತಿಲ್ಲ. ಅವಳು ಮುಂದಕ್ಕೆ ಓಡುತ್ತಾಳೆ, ಇವಳು ಅದೇ ವೇಗದಲ್ಲಿ ಹಿಂದಕ್ಕೆ ಓಡಬೇಕು. ಚೆಂಡು ಬರುವ ಮೊದಲು ಅವಳನ್ನು ಹಿಡಿದರೆ ಪಂಚರು ಹಳದಿ ಬಟ್ಟೆ ಎಸೆದು ದಂಡ ಹಾಕುತ್ತಾರೆ, ಬಿಟ್ಟರೆ ಆಟವೇ ಹೋಯಿತು. ಅದರ ಮೇಲೆ ನಮ್ಮವಳು ಐದಡಿ ಎರಡಿಂಚು, ಬರುವವರೆಲ್ಲ ತೆಂಗಿನಮರಗಳು. ಬೇರೆ ಜಾಗಕ್ಕೆ ಹೋಗು ಎಂದು ಕೋಚ್ ವಿಜೇತಾ ಎರಡು ಸಲ ಹೇಳಿದ್ದರಂತೆ. ಇವಳು ಕದಲಲಿಲ್ಲ. ಆ ಹಟ ಯಾರ ಮನೆಯದು ಎಂದು ಕನ್ನಡಿ ನೋಡಿಕೋ.

ಇನ್ನೊಂದು ಮಾತು ಕೇಳು. ಕಾರ್ನರ್ ಚೆನ್ನಾಗಿ ಆಡಿದರೆ ಅವಳ ಕಡೆಗೆ ಚೆಂಡೇ ಬರುವುದಿಲ್ಲ. ಎದುರು ತಂಡದಲ್ಲಿ ಚೆಂಡು ಎಸೆಯುವವಳು ನೋಡುತ್ತಾಳೆ, ಅಲ್ಲಿ ಜಾಗವಿಲ್ಲ ಎಂದು ಬೇರೆ ಕಡೆ ಎಸೆಯುತ್ತಾಳೆ. ಜನರ ಕಣ್ಣು ಚೆಂಡಿನ ಹಿಂದೆ ಹೋಗುತ್ತದೆ. ಇವಳು ನಲವತ್ತು ಸಲ ಸರಿಯಾಗಿ ಓಡಿದ್ದನ್ನು ಯಾರೂ ನೋಡುವುದಿಲ್ಲ, ಒಂದು ಸಲ ಬಿದ್ದಿದ್ದನ್ನು ಮಸ್ಕತ್ತಿನವರೆಗೆ ನೋಡುತ್ತಾರೆ. ನಾನೂ ನಿನ್ನ ಅಪ್ಪ ಬಸವಂತರಾಯರೂ ಇಪ್ಪತ್ತೆರಡು ವರ್ಷ ಈ ಊರಿನಲ್ಲಿ ಗೋಡೆ ಕಟ್ಟಿದೆವು. ನಿಂತ ಗೋಡೆಯ ಮುಂದೆ ನಿಂತು ಯಾರಾದರೂ ಶಹಬ್ಬಾಸ್ ಅಂದರೇ? ಬಿದ್ದ ಗೋಡೆಯದು ಮಾತ್ರ ಪೇಪರಿನಲ್ಲಿ ಬರುತ್ತದೆ. ನೀನು ಅದೇ ಕೂಲಿಯಲ್ಲಿ ಬೆಳೆದವನು, ಇವತ್ತೂ ಕಟ್ಟಡದ ಕೆಲಸದಲ್ಲೇ ಇರುವವನು. ಇದು ನಿನಗೆ ತಿಳಿಯದಿದ್ದರೆ ಇನ್ಯಾರಿಗೆ ತಿಳಿಯಬೇಕು?

ಅಪ್ಪನ ಹೆಸರು ಬಂತು, ಹೇಳಿಬಿಡುತ್ತೇನೆ. ಅವರು ಗೋಡೆಗೆ ಕಟ್ಟಿದ ಸಾರುವೆಯ ಮೇಲೆ ನಿಂತು ಇಟ್ಟಿಗೆ ಹಿಡಿಯುತ್ತಿದ್ದರು. ಕೆಳಗಿನಿಂದ ಒಬ್ಬ ಎಸೆಯುತ್ತಿದ್ದ, ಇವರು ಮೇಲೆ ಹಿಡಿದು ಜೋಡಿಸುತ್ತಿದ್ದರು. ಅದೇ ದಾರಿಯಲ್ಲಿ ನಾನು ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತು ಹೋಗಬೇಕು. ಬುಟ್ಟಿ ಇರುವಾಗ ಕತ್ತು ತಿರುಗಿಸಿ ಇಟ್ಟಿಗೆ ಎಲ್ಲಿದೆ ಎಂದು ನೋಡಲಾಗುವುದಿಲ್ಲ. ಹಾಗಾಗಿ ನಾನು ಇಟ್ಟಿಗೆಯನ್ನು ನೋಡುತ್ತಲೇ ಇರಲಿಲ್ಲ, ಎದುರಿಗೆ ನಿಂತ ನಿನ್ನ ಅಪ್ಪನ ಕೈ ನೋಡುತ್ತಿದ್ದೆ. ಅವರ ಅಂಗೈ ತೆರೆದರೆ ಇಟ್ಟಿಗೆ ಹೊರಟಿತು ಎಂದರ್ಥ, ನಿಲ್ಲಬೇಕು. ಮುಚ್ಚಿದರೆ ಹೋಗಬಹುದು. ನಮ್ಮ ಹೆಣ್ಣಾಳುಗಳೆಲ್ಲ ಬದುಕಿದ್ದು ಹಾಗೆಯೇ. ಸೈಟಿನಲ್ಲಿ ಯಾರೂ ತಮಾಷೆಗೆ ಕೈ ತೆರೆಯುವುದಿಲ್ಲ, ತೆರೆದರೆ ಒಂದು ಜೀವ ಹೋಗುತ್ತದೆ. ಒಂದು ದಿನವೂ ನಿನ್ನ ಅಪ್ಪನ ಕೈ ನನಗೆ ಸುಳ್ಳು ಹೇಳಲಿಲ್ಲ. ಅವರು ಹೋಗಿ ಒಂಬತ್ತು ವರ್ಷವಾದರೂ ಅವರನ್ನು ನೆನೆದರೆ ನನಗೆ ಮುಖಕ್ಕಿಂತ ಮೊದಲು ಆ ಕೈ ಕಾಣುತ್ತದೆ.

ಈಗ ನಿನ್ನ ಹುಕುಮಿನ ಕಥೆ. ನೀನು ಹೇಳಿದಂತೆ ಬೀಗ ಹಾಕಿದೆ, ಸುಳ್ಳಾಡುವುದಿಲ್ಲ. ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಶೈಲಾ ಕೀಲಿ ಕೇಳಲಿಲ್ಲ. ಕೇಳಿದ್ದರೆ ಬೈದು ಕಳಿಸುತ್ತಿದ್ದೆ, ಜಗಳವಾಡಿದ್ದರೆ ಇನ್ನೂ ಸುಲಭವಿತ್ತು. ಮರುದಿನ ಬೆಳಿಗ್ಗೆ ಹಾಲಿಗೆಂದು ಕೆಳಗಿಳಿದರೆ ಅವಳು ಗಲ್ಲಿಯಲ್ಲಿ ನಿಂತ ರಿಕ್ಷಾಗಳ ನಡುವೆ ಹಿಂದಕ್ಕೆ ಓಡುತ್ತಿದ್ದಳು. ಬರಿಗೈ, ಬರಿತಲೆ. ಎರಡನೇ ದಿನವೂ ಓಡಿದಳು. ಮೂರನೇ ದಿನ ರಿಕ್ಷಾದ ರಮಾನಾಥ ಹಲ್ಲುಜ್ಜುತ್ತಾ ನಿಂತು, ಬೀಳಬೇಡ ಮಗಳೇ, ವಿಡಿಯೋ ತೆಗೆದಾರು ಎಂದು ಕಿಚಾಯಿಸಿದ. ಅವಳು ನಿಲ್ಲಲೂ ಇಲ್ಲ, ತಿರುಗಿ ನೋಡಲೂ ಇಲ್ಲ. ನಾಲ್ಕನೇ ದಿನ ಟ್ರಂಕು ತೆರೆದು ಹೆಲ್ಮೆಟ್ಟನ್ನು ಒರೆಸಿ ಅವಳ ಹಾಸಿಗೆಯ ಮೇಲಿಟ್ಟೆ. ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ? ನಿನ್ನ ಗ್ರೂಪಿನಲ್ಲಿ ನಕ್ಕವರೆಲ್ಲ ಕುಳಿತವರು.

ಮೊನ್ನೆ ಭಾನುವಾರ ಬಾಂದ್ರಾದ ಮೈದಾನದಲ್ಲಿ ಅದೇ ಪುಣೆ ತಂಡದ ಜೊತೆ ಆಟವಿತ್ತು. ನಾನೂ ಹೋದೆ. ದಾದರಿನಲ್ಲಿ ಸೇತುವೆ ಹತ್ತಿ ಗಾಡಿ ಬದಲಿಸುವಾಗ ನನ್ನ ಮೊಣಕಾಲೂ ನಿನ್ನದರ ಹಾಗೇ ಹಾಡಿತು. ಎದುರಿಗೆ ಅದೇ ಎತ್ತರದ ಹುಡುಗಿ. ವಿಜೇತಾ ಈ ಎರಡು ವಾರ ಶೈಲಾಗೆ ಒಂದೇ ಪಾಠ ಕಲಿಸಿದ್ದರು: ಕೈ ಸುಳ್ಳು ಹೇಳುತ್ತದೆ, ಕಣ್ಣು ಸುಳ್ಳು ಹೇಳುತ್ತದೆ, ಸೊಂಟವನ್ನು ನೋಡು, ಸೊಂಟ ಎತ್ತ ತಿರುಗುತ್ತದೋ ಆಳು ಅತ್ತಲೇ ಹೋಗಬೇಕು. ಮೊದಲರ್ಧದಲ್ಲಿ ಶೈಲಾಳ ಕಡೆಗೆ ಒಂದೇ ಒಂದು ಚೆಂಡು ಬರಲಿಲ್ಲ. ನನ್ನ ಪಕ್ಕದಲ್ಲಿ ಕುಳಿತವರು ಆ ಹುಡುಗಿ ಸುಮ್ಮನೆ ಓಡಾಡಿಕೊಂಡಿದ್ದಾಳೆ ಎಂದರು. ನಾನು ಅವರಿಗೆ ಮರಾಠಿಯಲ್ಲಿ ಒಂದು ಪಾಠ ಹೇಳಿದೆ. ಅವರು ಎದ್ದು ಬೇರೆ ಕಡೆ ಕುಳಿತರು.

ಕೊನೆಗೆ ಆಟ ಮುಗಿಯಲು ಸ್ವಲ್ಪವೇ ಇದ್ದಾಗ ಆ ಹುಡುಗಿ ಮತ್ತೆ ಹಾಗೆಯೇ ಎರಡೂ ಕೈ ಎತ್ತಿದಳು. ನಾನು ಸೆರಗು ಕಚ್ಚಿಕೊಂಡೆ. ಶೈಲಾ ತಿರುಗಲಿಲ್ಲ. ಆ ಹುಡುಗಿ ಮುಂದಕ್ಕೆ ನುಗ್ಗಿದಳು, ಇವಳೂ ಅವಳ ಸೊಂಟಕ್ಕೆ ಕಣ್ಣು ಅಂಟಿಸಿಕೊಂಡು ನುಗ್ಗಿದಳು. ಚೆಂಡು ಬಂತು, ಇವಳು ಆಗ ತಿರುಗಿ, ನೆಗೆದು, ಬೆರಳ ತುದಿಯಿಂದ ಅದನ್ನು ತಟ್ಟಿದಳು. ಚೆಂಡು ನೆಲಕ್ಕೆ ಬಿತ್ತು. ಅಷ್ಟೇ. ಹಿಡಿಯಲೂ ಇಲ್ಲ, ಓಡಲೂ ಇಲ್ಲ, ಅಂಕವೂ ಬರಲಿಲ್ಲ. ಆದರೆ ಅವರಿಗೆ ಬರಬೇಕಿದ್ದ ಅಂಕ ಬರಲಿಲ್ಲ, ನಾವು ಗೆದ್ದೆವು. ಜನ ನಮ್ಮ ತಂಡಕ್ಕೆ ಅಂಕ ತಂದಿದ್ದ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ಕುಣಿದರು. ಶೈಲಾ ನನ್ನ ಹತ್ತಿರ ಬಂದು ಬಾಟಲಿಯ ನೀರು ಕುಡಿದು "ಅಜ್ಜಿ, ಭೂಕ್ ಲಗೀ ಹೈ, ಏನರ ತಿನ್ನೋಣ" ಎಂದಳು. ಸ್ಟೇಷನ್ನಿನ ಹೊರಗೆ ಇಬ್ಬರೂ ಎರಡೆರಡು ವಡಾಪಾವ್ ತಿಂದೆವು.

ಶಿಬಿರಕ್ಕೆ ಹೋಗುವ ಗಾಡಿ ಬರುವ ಸೋಮವಾರ. ಇಪ್ಪತ್ತು ದಿನ, ದೇಶದ ತಂಡವನ್ನು ಅಲ್ಲಿಂದ ಆರಿಸುತ್ತಾರೆ. ವಯಸ್ಸು ಇಪ್ಪತ್ತಾದರೂ ಮನೆಯ ಹಿರಿಯರ ಸಹಿ ಬೇಕೆಂದು ವಿಜೇತಾ ಕಾಗದ ತಂದಿದ್ದರು, ಕೈಕಾಲು ಮುರಿದರೆ ನಾಳೆ ಮಾತು ಬರಬಾರದಲ್ಲ. ಅವಳು ಹೋದರೆ ನಾನು ಅಪ್ಪನೇ ಅಲ್ಲ ಎಂದಿದ್ದೀ. ಆ ಮಾತನ್ನು ನುಂಗಿಕೋ, ರೊಟ್ಟಿಯ ಜೊತೆ ಇಳಿಯುತ್ತದೆ. ಈ ಮನೆಯಲ್ಲಿ ಹಿರಿಯಳು ನಾನು. ಸಹಿ ಮಾಡಿದ್ದೇನೆ, ಹೆಬ್ಬೆಟ್ಟಲ್ಲ, ಪೂರ್ತಿ ಹೆಸರು ಬರೆದಿದ್ದೇನೆ. ಅವಳು ಆರಿಸಿ ಬರಲಿ, ಬಿದ್ದು ಬರಲಿ, ಹೋಗುತ್ತಾಳೆ. ನೀನು ಸಿಟ್ಟಾಗುವುದಾದರೆ ಆಗು, ನಾನು ನಿನ್ನ ಅಪ್ಪನ ಸಿಟ್ಟನ್ನೇ ಮೂವತ್ತೈದು ವರ್ಷ ಸಂಭಾಳಿಸಿದವಳು.

ಮೊಣಕಾಲು ನೋಡಿಕೋ. ಏಣಿ ಹತ್ತುವಾಗ ಬೆಲ್ಟು ಹಾಕಿಕೋ. ಬಿಸಿಲಿಗೆ ಕಲ್ಲು ಕಾಯುವ ಆ ಊರಿನಲ್ಲಿ ನಿನ್ನ ತಲೆಯ ಮೇಲೆ ನಿನ್ನ ಅಪ್ಪನ ಕೈ ಇರಲಿ. ಡಬ್ಬಿಯನ್ನು ತೊಳೆದು ಸಂತುವಿನ ಕೈಯಲ್ಲೇ ವಾಪಸ್ ಕಳಿಸು, ಒಳ್ಳೆಯ ಸ್ಟೀಲು ಅದು.

ನಿನ್ನ ಅವ್ವ,
ಹನುಮವ್ವ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಸಂತು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಹೊಳ್ಳಿ ನೋಡೆಂದು ಯಾರು ಹೇಳಿದರು ಎಂದು ಅಷ್ಟು ಸಲ ಕೇಳಿದೆಯಲ್ಲ, ನಾನು ಹೇಳಿದ್ದೆ. ಚೆಂಡು ಯಾವಾಗ ಬರುತ್ತದೆಂದು ತಿಳಿಯುವುದೇ ಇಲ್ಲ ಅಜ್ಜಿ ಎಂದು ಅವಳು ಅತ್ತಾಗ, ಎದುರಿನವಳ ಕೈ ನೋಡು, ಕೈ ತೆರೆದರೆ ಬಂತು ಅಂತಲೇ ತಿಳಿದು ಹೊಳ್ಳು, ನಿನ್ನ ಅಜ್ಜನ ಕೈ ನೋಡಿಯೇ ನಾನು ಬದುಕಿದ್ದು ಎಂದಿದ್ದೆ. ಸುಳ್ಳು ಹೇಳುವ ಕೈಯೂ ಇರುತ್ತದೆಂದು ಅರವತ್ತೇಳು ವರ್ಷವಾದರೂ ನನಗೆ ಗೊತ್ತಿರಲಿಲ್ಲ. ನೀನು ಸ್ಪೀಕರಿನಲ್ಲಿ ಅರಚುವಾಗ ನಾನು ಅವಳ ಪಕ್ಕದಲ್ಲೇ ಕುಳಿತಿದ್ದೆ. ಬಾಯಿ ತೆರೆಯಹೋದೆ. ಅವಳು ನನ್ನ ಕೈ ಒತ್ತಿ ಹಿಡಿದು, ನಂದೇ ತಪ್ಪು ಎಂದಳು.