ಫ್ಯಾನಿನಲ್ಲಿ ಕುರಿಕೂದಲು

3 ಜೂನ್ 2025, ಮಂಗಳವಾರ

ಬೆಳಿಗ್ಗೆಯಿಂದ ಅಂಗಡಿಗೆ ರಿಪೇರಿಗೆ ಬಂದದ್ದು ಮೂರು ಪ್ರಿಂಟರ್, ಒಂದು ಲ್ಯಾಪ್‌ಟಾಪ್. ಪ್ರಿಂಟರ್‌ಗಳು ಬೀದರಿನ ಗಾಂಧಿ ಗಂಜ್ ಕಾಳುಪೇಟೆಯವು, ಒಳಗೆಲ್ಲ ತೊಗರಿ ಹೊಟ್ಟು.

ಮಧ್ಯಾಹ್ನ ಚಿಂತಾಕಿಯ ಸಿದ್ದೇಶ್ವರಿ ಬಂದಳು. ಕುರಿ ಸಾಕುವ ಮಡೆಪ್ಪನ ಮಗಳು. ಇಪ್ಪತ್ನಾಲ್ಕು ವರ್ಷ. ಕಂಪ್ಯೂಟರಿನಲ್ಲಿ ಗೇಮ್ ಆಡುತ್ತ ನಮ್ಮ ಕಡೆಯ ಮಾತಿನಲ್ಲೇ ಹರಟುತ್ತಾಳೆ. ಆನ್‌ಲೈನ್ ಲೈವ್‌ನಲ್ಲಿ ನಲವತ್ತು ಸಾವಿರ ಜನ ನೋಡುತ್ತಾರೆ.

"ಅಣ್ಣಾರ, ಹೊಸಾ ಗ್ರಾಫಿಕ್ಸ್ ಕಾರ್ಡ್ ಬಂದದಲ್ರಿ, ಅರವತ್ತೆರಡು ಸಾವಿರದ್ದು. ಅಷ್ಟು ರೊಕ್ಕಕ್ಕ ಪರವಡಸ್ತದೇನ್ರಿ? ನೀವು ಹೂಂ ಅಂದ್ರ ತಗೋತೇನಿ."

ಇಪ್ಪತ್ತೆರಡನೇ ತಾರೀಖಿಗೆ ಪುಣೆಯ ಗೇಮಿಂಗ್ ತಂಡವೊಂದು ಅವಳ ಆಟ ನೋಡಲಿದೆಯಂತೆ. ಆನ್‌ಲೈನ್ ಟ್ರಯಲ್. ಗೆದ್ದರೆ ತಂಡಕ್ಕೆ ಸೇರಿಸಿಕೊಂಡು ತಿಂಗಳ ಸಂಬಳ. ಪರದೆಯ ಚಿತ್ರ ಮೂಡಿಸುವುದೇ ಈ ಕಾರ್ಡ್; ಈಗಿರುವುದರಲ್ಲಿ ಆಟ ತಡವರಿಸುತ್ತದೆ.

ಪರವಡಿಸುತ್ತದೆ, ಕೊಟ್ಟ ರೊಕ್ಕಕ್ಕೆ ತಕ್ಕದ್ದೇ. ಅವಳಂಥವಳಿಗೆ ಖಂಡಿತ. ಹೇಳಲಿಲ್ಲ. ನಾಳೆ ಬಾ ಅಂದೆ.

ನನ್ನ ಚಾನೆಲ್‌ಗೆ ಆರು ವರ್ಷ. ಇಂಥ ಕಾರ್ಡುಗಳ ಬಗ್ಗೆಯೇ ಇನ್ನೂರು ವಿಡಿಯೊ. ನೋಡುವವರು ಮುನ್ನೂರ ಹನ್ನೆರಡು ಮಂದಿ. ಹೋಗುವಾಗ ಅಂದಳು — "ನೀವೂ ವಿಡಿಯೊ ಮಾಡ್ರಿ ಅಣ್ಣಾರ. ಛಲೋ ಮಾತಾಡ್ತೀರಿ."

4 ಜೂನ್

"ಬ್ಯಾಡ ತಂಗಿ. ಹೊಸದು ಬರೇ ಹೆಸರು. ರೊಕ್ಕ ನೀರಾಗ ಹಾಕಿದಂಗ. ನನ್ನ ಹತ್ರ ಒಂದು ಅದ, ನಾಕು ತಿಂಗಳ ನಡದದ ಅಷ್ಟ. ಮೂವತ್ತೈದು ಸಾವಿರಕ್ಕ ಕೊಡ್ತೇನಿ" ಅಂದೆ ಸಿದ್ದೇಶ್ವರಿಗೆ.

ನಾಲ್ಕು ತಿಂಗಳಲ್ಲ. ಎರಡು ವರ್ಷ ಹೈದರಾಬಾದಿನ ಯಾವುದೋ ಕೋಣೆಯಲ್ಲಿ ಡಿಜಿಟಲ್ ನಾಣ್ಯ ಗಳಿಸುವ ಕ್ರಿಪ್ಟೋ ಮೈನಿಂಗ್‌ಗೆ ಹಗಲಿರುಳು ಉರಿದ ಕಾರ್ಡ್. ಹನ್ನೊಂದು ಸಾವಿರಕ್ಕೆ ತಂದಿದ್ದೆ. ಒರೆಸಿ, ಹೊಸ ಡಬ್ಬಿಗೆ ಹಾಕಿ ಕೊಟ್ಟೆ.

"ನಿಮ್ಮಿಂದ ಇಪ್ಪತ್ತೇಳು ಸಾವಿರ ಉಳೀತ್ರಿ" ಅಂದಳು. ಕೈ ಮುಗಿದಳು.

ನನ್ನ ಅಂಗಡಿಯಲ್ಲೇ ಟೇಬಲ್ ಹಾಕಿಕೊಂಡು ಮೊಬೈಲ್ ರಿಪೇರಿ ಮಾಡುವ ಖಾಸಿಂ ಅಲಿ ತಲೆ ಎತ್ತಿ ನೋಡಿದ.

22 ಜೂನ್, ರವಿವಾರ

ಊಟ ಮಾಡುತ್ತ ಅವಳ ಲೈವ್ ನೋಡಿದೆ. ಆಟ... ಏನು ಆಟ! ಒಪ್ಪಲೇಬೇಕು. ಹದಿನೆಂಟನೇ ನಿಮಿಷಕ್ಕೆ ಪರದೆಯ ತುಂಬ ಬಣ್ಣದ ಚೌಕಗಳು. ಆಮೇಲೆ ಕಪ್ಪು. ಮೈಕಿನಲ್ಲಿ ಅವಳ ದನಿ ಮಾತ್ರ — "ಎಪ್ಪಾ, ಏನಾತಿದು... ಎಪ್ಪಾ..."

ಕೆಳಗೆ ಕಾಮೆಂಟಿನಲ್ಲಿ ಜನ ನಗುವ ಮುಖಗಳನ್ನು ಹಾಕುತ್ತಿದ್ದರು. ನಾನೂ ಒಂದು ಹಾಕಿದೆ. ಬೇರೆ ಹೆಸರಿನಲ್ಲಿ.

24 ಜೂನ್

ಅಪ್ಪ ಮಗಳು ಇಬ್ಬರೂ ಬಂದರು. ಮಡೆಪ್ಪ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದ, ಕುಳಿತುಕೊಳ್ಳಲಿಲ್ಲ. ಸಿದ್ದೇಶ್ವರಿಯ ಕಣ್ಣುಗಳು ಊದಿದ್ದವು.

ಕಾರ್ಡ್ ಬಿಚ್ಚಿದೆ. ಫ್ಯಾನಿನಲ್ಲಿ ಎರಡು ಎಳೆ ಕೂದಲು. ಎರಡೇ. ಅದರಿಂದ ಸೊಳ್ಳೆಯೂ ಸಾಯುವುದಿಲ್ಲ. ಚಿಮಟಿಗೆಯಿಂದ ಎತ್ತಿ ಅವರ ಮುಖದ ಮುಂದೆ ಹಿಡಿದೆ.

"ನೋಡ್ರಿ. ಕುರಿಕೂದಲ. ಇದು ಹೊಕ್ರ ಯಾವ ಕಾರ್ಡೂ ಉಳಿಯೂದಿಲ್ಲ. ಗ್ಯಾರಂಟಿ ನಡೆಯೂದಿಲ್ಲರಿ ಇದಕ್ಕ."

"ನಾನಾ ಬಾಗಿಲಾ ತೆರೆದಿಟ್ಟಿದ್ನೆಪ್ಪಾ. ಸೆಕಿ ಆಗ್ತದಂತ" ಅಂದಳು ಅವಳು.

"ನಿಂದಲ್ಲವಾ, ನಮ್ಮ ಕುರಿದಾ ತಪ್ಪು" ಅಂದ ಮಡೆಪ್ಪ. ನನ್ನ ಕಡೆ ತಿರುಗಿ, "ನೀವರೆ ಏನ್ ಮಾಡ್ತೀರಿ ಪಾಪ. ಮನಸಿಗಿ ಹಚ್ಕೋಬ್ಯಾಡ್ರಿ."

ನನಗೇ ಸಮಾಧಾನ ಹೇಳಿದ.

25 ಜೂನ್

ಖಾಸಿಂ ಅಲಿ ಅವರು ಬಿಟ್ಟುಹೋದ ಆ ಕಾರ್ಡನ್ನು ಲೆನ್ಸ್ ಕೆಳಗೆ ಇಟ್ಟು ನೋಡಿದ. "ನರಸಿಂಗ ಭಾಯ್, ಇದು ಕೂದಲಕ್ಕ ಸತ್ತಿಲ್ಲ. ಮೊದಲಾ ಬೆಂದಿತ್ತು. ಫೋನ್ ಮಾಡಿ ಹೇಳು ಆ ಹುಡುಗಿಗಿ."

ಹೇಳ್ತೇನಿ ಅಂದೆ.

9 ಜುಲೈ

ಹೇಳಿರಲಿಲ್ಲ.

ಇವತ್ತು ಮಡೆಪ್ಪ ಒಬ್ಬನೇ ಬಂದ. ಪುಣೆಯವರು ಇನ್ನೊಂದು ಸಲ ನೋಡುತ್ತಾರಂತೆ, ಇಪ್ಪತ್ತೇಳನೇ ತಾರೀಖಿಗೆ. ಟವೆಲ್ಲಿನಲ್ಲಿ ಸುತ್ತಿ ರೊಕ್ಕ ತಂದಿದ್ದ. "ಆ ಅರವತ್ತೆರಡರದ್ದೇ ಕೊಡ್ರಿ."

"ಎಲ್ಲಿಂದ ತಂದ್ರಿ?"

"ಹಿಂಡು ಕೊಟ್ಟೆರಿ. ಭಾಲ್ಕಿ ವ್ಯಾಪಾರಿಗಿ. ನಲವತ್ತಮೂರೂ."

"ಎಲ್ಲಾ?"

"ಎಂಟು ಕುರಿ ಕೊಟ್ರ ಕಾರ್ಡ್ ಬರ್ತಿತ್ರಿ. ಆದ್ರ ಉಳಿದವು ಮನಿ ಮುಂದ ಇದ್ರ ಮತ್ತ ಕೂದಲ ಹೋಗ್ತದಲ್ರಿ. ಹೊಲದಾಗ ಬಿಟ್ರ ತೋಳ ಬಿಡೂದಿಲ್ಲ. ಅದಕ್ಕ ಎಲ್ಲಾ ಕೊಟ್ಟೆ."

ರೊಕ್ಕ ತೆಗೆದುಕೊಂಡು ರಸೀದಿ ಬರೆದೆ. ಕಾರ್ಡ್ ಹೈದರಾಬಾದಿನಿಂದ ಬರಬೇಕು, ರವಿವಾರ ನಾನೇ ಬಂದು ಹಾಕಿಕೊಡುತ್ತೇನೆ ಅಂದೆ.

10 ಜುಲೈ

ಖಾಸಿಂ ಅಲಿ ಟೇಬಲ್ ಎತ್ತಿಕೊಂಡು ಹೋದ. ಎಂಟು ವರ್ಷ ಜೊತೆಗಿದ್ದ. ನಿನ್ನೆ ಮಡೆಪ್ಪನ ಮಾತೆಲ್ಲ ಕೇಳಿಸಿಕೊಂಡಿದ್ದ.

13 ಜುಲೈ, ರವಿವಾರ. ಸಂಜೆ

ಔರಾದಿನವರೆಗೆ ಬಸ್, ಅಲ್ಲಿಂದ ಚಿಂತಾಕಿಗೆ ಆಟೊ. ಮನೆಯ ಮುಂದಿನ ದೊಡ್ಡಿ ತೊಳೆದು ಫಿನೈಲ್ ಹಾಕಿದ್ದಾರೆ. ಕಣ್ಣು ಉರಿಯುವಷ್ಟು.

ಮಡೆಪ್ಪ ಸಿಗಲಿಲ್ಲ. ಬೆಳಿಗ್ಗೆ ಎದ್ದು ಮೊದಲಿನಂತೆಯೇ ಗುಡ್ಡದ ಕಡೆ ಹೋಗುತ್ತಾನಂತೆ. ಒಬ್ಬನೇ. ಸಂಜೆಗೆ ಬರುತ್ತಾನಂತೆ.

ಕಾರ್ಡ್ ಹಾಕಿದೆ. ಆಟ ನೀರಿನಂತೆ ಓಡಿತು. ಸಿದ್ದೇಶ್ವರಿ ಒಮ್ಮೆ ನಕ್ಕಳು, ಆಮೇಲೆ ಖಾಲಿ ದೊಡ್ಡಿಯ ಕಡೆ ನೋಡಿದಳು.

ಅವಳ ತಾಯಿ ಕಾಂತಾಬಾಯಿ ಚಹಾ ತಂದಳು. ಕೊಟ್ಟು ಅಲ್ಲೇ ನಿಂತಳು.

"ಅಣ್ಣಾ, ಒಂದು ಮರಿ ಉಳದದರಿ. ತಾಯಿ ಇಲ್ಲದ್ದು, ಬಾಟಲಿ ಹಾಲಿನ ಮ್ಯಾಲ ಅದ. ವ್ಯಾಪಾರಿ ಬ್ಯಾಡಂದ. ಅಡಗಿ ಮನ್ಯಾಗ ಬುಟ್ಟಿ ಕೆಳಗ ಮುಚ್ಚಿಟ್ಟೇನಿ, ಹೊರಗ ಬಿಡೂದಿಲ್ಲ. ಒಂದು ಇದ್ರ ನಡೀತದೇನ್ರಿ?"

ಸಿದ್ದೇಶ್ವರಿ ಕುರ್ಚಿ ತಿರುಗಿಸಿ ನನ್ನನ್ನೇ ನೋಡಿದಳು. ನಡೀತದ ಅಂದುಬಿಡಬಹುದಿತ್ತು. ಆದರೆ ಇವಳು ಚುರುಕು. ಒಂದು ನಡೆದರೆ ಉಳಿದವು ಯಾಕೆ ನಡೆಯುವುದಿಲ್ಲ ಅಂತ ಕೇಳಿದರೆ?

"ಬ್ಯಾಡ್ರಿ" ಅಂದೆ.

ಕಾಂತಾಬಾಯಿ ಒಳಗೆ ಹೋಗಿ ಮರಿಯನ್ನು ಎತ್ತಿಕೊಂಡು ಬಂದಳು. ಬಾಯಿಗೆ ಇನ್ನೂ ಹಾಲು ಹತ್ತಿತ್ತು. "ಹಂಗಾದ್ರ ನೀವಾ ಒಯ್ಯಿರಿ ಅಣ್ಣಾ, ಬೀದರಕ್ಕ" ಅಂತ ನನ್ನ ತೊಡೆಯ ಮೇಲೆ ಇಟ್ಟಳು. ನಾನು ಮರಿಯನ್ನು ಎತ್ತಿಕೊಂಡು ಬಸ್ ಹತ್ತಿದೆ; ಈಗ ಅದು ಅಂಗಡಿಯಲ್ಲಿ, ಖಾಸಿಂ ಅಲಿಯ ಟೇಬಲ್ ಇದ್ದ ಜಾಗದಲ್ಲಿ ಮಲಗಿದೆ.